ಕ್ಲಚ್ ಜಾರುವಿಕೆ: ಮ್ಯಾನ್ಯುಯಲ್ ಗೇರ್ ಕಾರುಗಳಲ್ಲಿ ದೋಷ ಪತ್ತೆ

ಕ್ಲಚ್ ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದ ಮೇಲೂ ಕ್ಲಚ್ ಪ್ಲೇಟು ಬಿಗಿಯಾಗಿ ಹಿಡಿದುಕೊಳ್ಳದೆ ಉಜ್ಜಿಕೊಂಡು ಜಾರುವ ದೋಷಕ್ಕೆ ಕ್ಲಚ್ ಜಾರುವಿಕೆ ಎಂದು ಹೆಸರು. ಗ್ಯಾರೇಜುಗಳಲ್ಲಿ ಇದು 'ಕ್ಲಚ್ ಸ್ಲಿಪ್' ಎಂದೇ ರೂಢಿ. ಆಕ್ಸಿಲರೇಟರ್ ತುಳಿದಾಗ ಎಂಜಿನ್ನಿನ ಸದ್ದು ಏರಿ, ಕಾರಿನ ವೇಗ ಅದಕ್ಕೆ ತಕ್ಕಂತೆ ಏರದಿರುವುದು ಇದರ ಮುಖ್ಯ ಲಕ್ಷಣ. ಪ್ಲೇಟು ಸವೆದಿರುವುದೇ ಇದಕ್ಕೆ ಕಾರಣವೆಂಬುದು ಸಾಮಾನ್ಯ ನಂಬಿಕೆ. ಆದರೆ ಅತಿಯಾಗಿ ಬಿಗಿದ ಕೇಬಲ್ಲು, ಸೋರುವ ಆಯಿಲ್ ಸೀಲು, ಹೈಡ್ರಾಲಿಕ್ ಕೊಳವೆಯಲ್ಲಿ ಉಳಿದುಬಿಟ್ಟ ಒತ್ತಡ ಇವುಗಳಿಂದಲೂ ಇದೇ ಲಕ್ಷಣ ಕಾಣಿಸುತ್ತದೆ. ಆದ್ದರಿಂದ ದೋಷ ಪತ್ತೆಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಕ್ಲಚ್ ನಿಜವಾಗಿ ಜಾರುತ್ತಿದೆಯೇ, ಜಾರುತ್ತಿದ್ದರೆ ಏಕೆ? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕದೆ ಗೇರ್‌ಬಾಕ್ಸ್ ಇಳಿಸಿದರೆ ಹಣವೂ ವ್ಯರ್ಥ, ಕೆಲವೊಮ್ಮೆ ಹೊಸ ಪ್ಲೇಟೂ ವ್ಯರ್ಥ.

ರಚನೆ ಮತ್ತು ಕಾರ್ಯತತ್ತ್ವ

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಫ್ಲೈವೀಲ್ ಎಂಬ ಭಾರವಾದ ಉಕ್ಕಿನ ಅಥವಾ ಎರಕದ ಕಬ್ಬಿಣದ ಚಕ್ರವಿರುತ್ತದೆ. ಅದಕ್ಕೆ ಬೋಲ್ಟ್ ಮಾಡಿದ ಕವರಿನೊಳಗೆ ಪ್ರೆಶರ್ ಪ್ಲೇಟು ಮತ್ತು ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್ ಇರುತ್ತವೆ. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟಿನ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಅದರ ಎರಡೂ ಮುಖಗಳಿಗೆ ಘರ್ಷಣೆ ಹೆಚ್ಚಿಸುವ ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ; ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ಕೂರುತ್ತವೆ. ಪೆಡಲ್ ಒತ್ತಿದಾಗ ಕೇಬಲ್ಲು ಅಥವಾ ಹೈಡ್ರಾಲಿಕ್ ದ್ರವ ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗು ಡಯಾಫ್ರಮ್ಮಿನ ಬೆರಳುಗಳನ್ನು ಒತ್ತುತ್ತದೆ, ಪ್ರೆಶರ್ ಪ್ಲೇಟು ಹಿಂದೆ ಸರಿಯುತ್ತದೆ, ಪ್ಲೇಟು ಬಿಡುಗಡೆಯಾಗುತ್ತದೆ. ಕಾಲು ತೆಗೆದಾಗ ಸ್ಪ್ರಿಂಗು ಮತ್ತೆ ಅದುಮುತ್ತದೆ.

ಕ್ಲಚ್ ಎಷ್ಟು ಟಾರ್ಕ್ ಹೊರಬಲ್ಲದು ಎಂಬುದು ನಾಲ್ಕು ಅಂಶಗಳ ಗುಣಲಬ್ಧ: ಲೈನಿಂಗಿನ ಘರ್ಷಣಾಂಕ, ಸ್ಪ್ರಿಂಗಿನ ಅದುಮುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. ಉದಾಹರಣೆಗೆ ಘರ್ಷಣಾಂಕ 0.3, ಅದುಮುವ ಬಲ 3500 ನ್ಯೂಟನ್, ಸರಾಸರಿ ತ್ರಿಜ್ಯ 0.08 ಮೀಟರ್, ಮುಖಗಳು 2 ಎಂದುಕೊಂಡರೆ ಸಾಮರ್ಥ್ಯ 168 ನ್ಯೂಟನ್-ಮೀಟರ್. ಎಂಜಿನ್ನಿನ ಗರಿಷ್ಠ ಟಾರ್ಕ್ 110 ನ್ಯೂಟನ್-ಮೀಟರ್ ಇದ್ದರೆ ಕ್ಲಚ್ಚಿನ ಸಾಮರ್ಥ್ಯ ಅದರ ಸುಮಾರು ಒಂದೂವರೆ ಪಟ್ಟು, ಎಂದರೆ ಅಷ್ಟರಮಟ್ಟಿಗೆ ಮೀಸಲು ಶಕ್ತಿ ಇದೆ ಎಂದಾಯಿತು. ಇದೇ ಪ್ಲೇಟಿಗೆ ಎಣ್ಣೆ ತಾಗಿ ಘರ್ಷಣಾಂಕ 0.15ಕ್ಕೆ ಇಳಿದರೆ ಸಾಮರ್ಥ್ಯವೂ 84 ನ್ಯೂಟನ್-ಮೀಟರಿಗೆ ಇಳಿಯುತ್ತದೆ. ಆಗ ನಿಧಾನವಾಗಿ ಓಡಿಸುವಾಗ ಯಾವ ದೋಷವೂ ಕಾಣುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ತುಳಿದ ಕ್ಷಣ ಪ್ಲೇಟು ಜಾರುತ್ತದೆ. ಆರಂಭದ ಜಾರುವಿಕೆ ಊರೊಳಗಿನ ಓಡಾಟದಲ್ಲಿ ಬಚ್ಚಿಟ್ಟುಕೊಂಡು, ಹೆದ್ದಾರಿಯ ಓವರ್‌ಟೇಕಿನಲ್ಲೋ ಶಿರಾಡಿ, ಚಾರ್ಮಾಡಿಯಂಥ ಘಾಟಿಯ ಏರಿನಲ್ಲೋ ಹೊರಬೀಳುವುದು ಈ ಕಾರಣದಿಂದ.

ಬೆಳೆದು ಬಂದ ಬಗೆ

ಆರಂಭದ ಕಾಲದ ಮೋಟಾರು ಕಾರುಗಳಲ್ಲಿ ಚರ್ಮದ ಹೊದಿಕೆಯ ಶಂಕುವಿನಾಕಾರದ ಕ್ಲಚ್ ಸಾಮಾನ್ಯವಾಗಿತ್ತು. ಚರ್ಮ ಒಣಗಿದರೆ ಕಾರು ಎಗರಿ ಹೊರಡುತ್ತಿತ್ತು, ಎಣ್ಣೆ ಕುಡಿದರೆ ಕ್ಲಚ್ ಜಾರುತ್ತಿತ್ತು. ಜಾರುವುದನ್ನು ತಡೆಯಲು ಅಂದಿನ ಚಾಲಕರು ಎಣ್ಣೆ ಹೀರುವ ಮುಲ್ತಾನಿ ಮಿಟ್ಟಿಯಂಥ ಜೇಡಿಮಣ್ಣಿನ ಪುಡಿ ಉದುರಿಸುತ್ತಿದ್ದರು. ಮುಂದೆ ಒಂದೇ ಪ್ಲೇಟಿನ ಒಣ ಕ್ಲಚ್ ಬಳಕೆಗೆ ಬಂತು. ಇಂದಿನ ಬಹುತೇಕ ಮ್ಯಾನ್ಯುಯಲ್ ಕಾರುಗಳಲ್ಲಿರುವುದು ಅದೇ ಬಗೆ. ಮೊದಲು ಪ್ರೆಶರ್ ಪ್ಲೇಟನ್ನು ಹಲವು ಸುರುಳಿ ಸ್ಪ್ರಿಂಗುಗಳು ಅದುಮುತ್ತಿದ್ದವು. ಆ ಜಾಗಕ್ಕೆ ಡಯಾಫ್ರಮ್ ಸ್ಪ್ರಿಂಗ್ ಬಂತು. ಯುರೋಪಿನಲ್ಲಿ ಅದನ್ನು ವ್ಯಾಪಕವಾಗಿ ಬಳಕೆಗೆ ತಂದವರಲ್ಲಿ ಜರ್ಮನಿಯ ಬ್ಯೂಲ್ ಪಟ್ಟಣದಲ್ಲಿ 1965ರಲ್ಲಿ ಆರಂಭವಾದ ಲೂಕ್ ಕಂಪನಿ ಪ್ರಮುಖವಾದುದು.

ಇಪ್ಪತ್ತನೆಯ ಶತಮಾನದ ಬಹುಭಾಗ ಲೈನಿಂಗಿಗೆ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸ್ಥಿರಪಟ್ಟ ಮೇಲೆ ಗಾಜಿನ ನಾರು, ಅರಾಮಿಡ್ ನಾರು, ತಾಮ್ರ ಅಥವಾ ಹಿತ್ತಾಳೆಯ ತಂತಿ ಮತ್ತು ರಾಳದ ಮಿಶ್ರಣಗಳು ಆ ಜಾಗವನ್ನು ತುಂಬಿದವು. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕೇಬಲ್ ಕ್ಲಚ್ಚಿನ ಕಾರು. ಅದರ ಜೊತೆಯಲ್ಲೇ ಬೆಳೆದ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳಿಗೆ ಕೇಬಲ್ ನಟ್ಟನ್ನು ತಿರುಗಿಸಿ ಫ್ರೀ ಪ್ಲೇ (ಕ್ಲಚ್ ಬಿಡತೊಡಗುವ ಮುನ್ನ ಪೆಡಲು ಖಾಲಿಯಾಗಿ ಚಲಿಸುವ ದೂರ) ಹೊಂದಿಸುವುದು ಕೈಗೆ ಹತ್ತಿದ ಕೆಲಸ. ಈಚಿನ ಅನೇಕ ಕಾರುಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಇದೆ. ಅಲ್ಲಿ ಸವೆತಕ್ಕೆ ತಕ್ಕ ಹೊಂದಾಣಿಕೆ ತಾನಾಗಿಯೇ ಆಗುವುದರಿಂದ ಪರೀಕ್ಷೆಯ ದಾರಿಯೂ ಬೇರೆ.

ಲಕ್ಷಣಗಳು

ಜಾರುವಿಕೆ ಮೊದಲು ಕಾಣುವುದು ಮೇಲಿನ ಗೇರುಗಳಲ್ಲಿ. ಕೆಳಗಿನ ಗೇರಿನಲ್ಲಿ ಕಾರು ಬೇಗ ವೇಗ ಪಡೆಯುತ್ತದೆ, ಎಂಜಿನ್ ತನ್ನ ಗರಿಷ್ಠ ಟಾರ್ಕಿನ ಹಂತವನ್ನು ಕ್ಷಣದಲ್ಲಿ ದಾಟಿಬಿಡುತ್ತದೆ. ಟಾರ್ಕಿನ ಒಂದು ಪಾಲು ಎಂಜಿನ್ನಿನ ಸ್ವಂತ ಭಾಗಗಳನ್ನು ವೇಗಗೊಳಿಸಲೇ ಖರ್ಚಾಗುತ್ತದೆ. ನಾಲ್ಕನೆಯ ಅಥವಾ ಐದನೆಯ ಗೇರಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಟಾರ್ಕ್ ಕ್ಲಚ್ಚಿನ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಟರ್ಬೊ ಡೀಸೆಲ್ ಕಾರುಗಳಲ್ಲಿ ಸುಮಾರು 2000 ಆರ್‌ಪಿಎಂ ಬಳಿ, ಟರ್ಬೊ ಬಲ ಕೊಡತೊಡಗಿದ ಕೂಡಲೇ, ಆರ್‌ಪಿಎಂ ಮೀಟರಿನ ಮುಳ್ಳು ದಿಢೀರನೆ ಮೇಲೆ ಹಾರುವುದು ಈ ದೋಷದ ಸ್ಪಷ್ಟ ಗುರುತು.

ಎರಡನೆಯ ಲಕ್ಷಣ, ಕ್ಲಚ್ ಹಿಡಿಯುವ ಬಿಂದು ಮೇಲೇರುವುದು. ಲೈನಿಂಗ್ ಸವೆದಂತೆ ಪ್ರೆಶರ್ ಪ್ಲೇಟು ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಡಯಾಫ್ರಮ್ಮಿನ ಬೆರಳುಗಳು ಗೇರ್‌ಬಾಕ್ಸಿನ ಕಡೆಗೆ ಬಾಗುತ್ತವೆ. ಕೇಬಲ್ ಕಾರಿನಲ್ಲಿ ಇದರಿಂದ ಫ್ರೀ ಪ್ಲೇ ಕರಗಿ, ಪೆಡಲನ್ನು ಬಹುಪಾಲು ಬಿಟ್ಟ ಮೇಲಷ್ಟೇ ಕಾರು ಹೊರಡುತ್ತದೆ. ಸ್ವಯಂ ಹೊಂದಾಣಿಕೆಯ ಕ್ಲಚ್ಚುಗಳಲ್ಲಿ ಈ ಲಕ್ಷಣ ಕಾಣದಿರಬಹುದು.

ಮೂರನೆಯದು ಪೆಡಲ್ ಗಟ್ಟಿಯಾಗುವುದು. ಡಯಾಫ್ರಮ್ ಸ್ಪ್ರಿಂಗಿನ ಗುಣವೇ ವಿಶಿಷ್ಟ: ಲೈನಿಂಗ್ ಸವೆಯುತ್ತ ಹೋದಂತೆ ಅದರ ಬಲ ಮೊದಲು ಸ್ವಲ್ಪ ಏರಿ, ಒಂದು ಮಿತಿ ದಾಟಿದ ಮೇಲೆ ಇಳಿಯುತ್ತದೆ. ಹೀಗಾಗಿ ವರ್ಷಗಳಿಂದ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂದ ಪೆಡಲು ಸವೆತದ ಮುನ್ಸೂಚನೆ. ದಿನವೂ ಅದೇ ಕಾರು ಓಡಿಸುವವರಿಗೆ ಇದು ಗೊತ್ತಾಗುವುದಿಲ್ಲ, ಹೊಸಬರು ಕೂತರೆ ಕೂಡಲೇ ಹೇಳುತ್ತಾರೆ.

ನಾಲ್ಕನೆಯದು ಸುಟ್ಟ ವಾಸನೆ. ಏರಿನಲ್ಲಿ ಒಮ್ಮೆ ಹಾಫ್ ಕ್ಲಚ್ಚಿನಲ್ಲಿ ಒದ್ದಾಡಿದರೆ ಒಳ್ಳೆಯ ಕ್ಲಚ್ಚೂ ವಾಸನೆ ಬರಿಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಮಾಮೂಲಿ ಓಡಾಟದಲ್ಲೇ ವಾಸನೆ ಬಂದರೆ ಅದು ದೋಷ. ಇಂಧನ ಹೆಚ್ಚು ಖರ್ಚಾಗುವುದು, ಏರಿನಲ್ಲಿ ಪಿಕಪ್ ಇಲ್ಲದಿರುವುದು ಜೊತೆಯ ಲಕ್ಷಣಗಳು.

ಹೋಲುವ ಬೇರೆ ದೋಷಗಳು

'ಪಿಕಪ್ ಇಲ್ಲ' ಎಂಬ ದೂರು ಬಂದ ಮಾತ್ರಕ್ಕೆ ಕ್ಲಚ್ಚನ್ನು ದೂರುವಂತಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡರೆ, ಟರ್ಬೊ ಕೊಳವೆ ಬಿರುಕು ಬಿಟ್ಟರೆ, ಬ್ರೇಕ್ ಅಂಟಿಕೊಂಡರೆ ಕೂಡ ಕಾರು ಎಳೆಯುವುದಿಲ್ಲ. ಆದರೆ ಆಗ ಎಂಜಿನ್ನಿನ ಆರ್‌ಪಿಎಂ ಕೂಡ ಏರುವುದಿಲ್ಲ; ಕ್ಲಚ್ ಜಾರಿದಾಗ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಒದ್ದೆ ರಸ್ತೆಯಲ್ಲಿ ಚಕ್ರವೇ ಗಿರಕಿ ಹೊಡೆದರೆ ಸ್ಪೀಡೋಮೀಟರಿನ ಮುಳ್ಳೂ ಆರ್‌ಪಿಎಂ ಜೊತೆಗೇ ಏರುತ್ತದೆ.

ಗೇರ್ ಹಾಕುವಾಗ ಕರಕರ ಸದ್ದು, ರಿವರ್ಸ್ ಬೀಳದಿರುವುದು ಜಾರುವಿಕೆಯ ಲಕ್ಷಣಗಳಲ್ಲ. ಅವು ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡದ, ಎಂದರೆ ತದ್ವಿರುದ್ಧವಾದ ದೋಷವನ್ನು ಸೂಚಿಸುತ್ತವೆ. ಹೊರಡುವಾಗ ಕಾರು ನಡುಗಿದರೆ ಎಣ್ಣೆ ತಾಗಿದ ಲೈನಿಂಗ್, ಬಾಗಿದ ಪ್ಲೇಟು ಅಥವಾ ಸಡಿಲವಾದ ಎಂಜಿನ್ ಮೌಂಟಿಂಗ್ ಕಾರಣವಿರಬಹುದು. ಪೆಡಲ್ ಒತ್ತಿದಾಗ ಮಾತ್ರ ಬರುವ ಸದ್ದು ಹೆಚ್ಚಾಗಿ ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟಾಗ ಬಂದು ಒತ್ತಿದಾಗ ನಿಲ್ಲುವ ಸದ್ದು ಹೆಚ್ಚಾಗಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು.

ಪರೀಕ್ಷೆಗಳು

ರಸ್ತೆಯ ಪರೀಕ್ಷೆಯೇ ಹೆಚ್ಚು ನಂಬಲರ್ಹ. ಎಂಜಿನ್ ಬಿಸಿಯಾದ ಮೇಲೆ, ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ನಾಲ್ಕನೆಯ ಗೇರಿನಲ್ಲಿ ಗಂಟೆಗೆ 40ರಿಂದ 50 ಕಿ.ಮೀ. ವೇಗದಿಂದ ಆಕ್ಸಿಲರೇಟರನ್ನು ಪೂರ್ತಿ ತುಳಿಯಬೇಕು. ಆರ್‌ಪಿಎಂ ಮತ್ತು ವೇಗ ಜೊತೆಜೊತೆಯಾಗಿ ಏರಿದರೆ ಕ್ಲಚ್ ಸರಿಯಿದೆ. ಆರ್‌ಪಿಎಂ ಮೊದಲು ಹಾರಿ, ಕಾಲು ಸಡಿಲಿಸಿದಾಗ ಮತ್ತೆ ಇಳಿದು ಕೂಡಿಕೊಂಡರೆ ಜಾರುತ್ತಿದೆ. ಆರ್‌ಪಿಎಂ ಮೀಟರಿಲ್ಲದ ಸಣ್ಣ ಕಾರುಗಳಲ್ಲಿ ಕಿವಿಯೇ ಮೀಟರು.

ಅಂದಾಜಿಗಿಂತ ಲೆಕ್ಕ ಮೇಲು. ಒಂದೇ ಗೇರಿನಲ್ಲಿರುವಾಗ ಎಂಜಿನ್ ವೇಗಕ್ಕೂ ಚಕ್ರದ ವೇಗಕ್ಕೂ ಇರುವ ಅನುಪಾತ ಬದಲಾಗುವಂತಿಲ್ಲ. ಟೈರಿನ ಸುತ್ತಳತೆ 1.8 ಮೀಟರ್, ನಾಲ್ಕನೆಯ ಗೇರಿನ ಅನುಪಾತ 1.0, ಫೈನಲ್ ಡ್ರೈವಿನ ಅನುಪಾತ 4.0 ಇರುವ ಕಾರನ್ನು ತೆಗೆದುಕೊಳ್ಳೋಣ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1000 ಮೀಟರ್. ಚಕ್ರ ನಿಮಿಷಕ್ಕೆ ಸುಮಾರು 556 ಸುತ್ತು, ಎಂಜಿನ್ ಸುಮಾರು 2220 ಸುತ್ತು ತಿರುಗಬೇಕು. ಮೀಟರು 2800 ತೋರಿಸಿದರೆ ಐದರಲ್ಲಿ ಒಂದು ಪಾಲು ತಿರುಗುವಿಕೆ ಕ್ಲಚ್ಚಿನಲ್ಲೇ ಜಾರಿಹೋಗುತ್ತಿದೆ. ಆ ಹೊತ್ತಿಗೆ 100 ನ್ಯೂಟನ್-ಮೀಟರ್ ಟಾರ್ಕ್ ಹರಿಯುತ್ತಿದ್ದರೆ ಕ್ಲಚ್ಚಿನ ಒಳಗೆ ಸುಮಾರು 6 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಮನೆಯ 2 ಕಿಲೋವ್ಯಾಟಿನ ಮೂರು ಗೀಸರುಗಳು ಒಟ್ಟಿಗೆ ಉರಿದಷ್ಟು. ಜಾರತೊಡಗಿದ ಕ್ಲಚ್ ದಿನಗಳಲ್ಲೇ ಕೈಕೊಡುವುದು ಈ ಶಾಖದಿಂದ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಓಬಿಡಿ ಸ್ಕ್ಯಾನರ್ ಜೋಡಿಸಿ ಆರ್‌ಪಿಎಂ, ವೇಗ ಎರಡನ್ನೂ ಒಟ್ಟಿಗೆ ದಾಖಲಿಸಿದರೆ ಈ ಹೋಲಿಕೆ ಇನ್ನೂ ಸುಲಭ. ಸ್ಪೀಡೋಮೀಟರು ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದುಂಟು. ಆದ್ದರಿಂದ ಹಗುರವಾಗಿ ಓಡಿಸುವಾಗಿನ ಅನುಪಾತವನ್ನು ಮೊದಲು ಗುರುತು ಹಾಕಿಕೊಂಡು, ಪೂರ್ತಿ ತುಳಿದಾಗಿನ ಅನುಪಾತವನ್ನು ಅದಕ್ಕೆ ಹೋಲಿಸುವುದು ಸರಿಯಾದ ಕ್ರಮ.

ನಿಂತಲ್ಲೇ ಮಾಡುವ ಪರೀಕ್ಷೆಯೂ ಒಂದಿದೆ. ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ನಾಲ್ಕನೆಯ ಗೇರಿನಲ್ಲಿ ಪೆಡಲನ್ನು ಮೆಲ್ಲನೆ ಬಿಡಬೇಕು. ಎಂಜಿನ್ ಕೂಡಲೇ ಆಫ್ ಆಗಬೇಕು. ಆಫ್ ಆಗದೆ ತಿರುಗುತ್ತಲೇ ಇದ್ದರೆ ಕ್ಲಚ್ ಬಹಳ ಕೆಟ್ಟಿದೆ ಎಂದರ್ಥ. ಆದರೆ ಎಂಜಿನ್ ಆಫ್ ಆದ ಮಾತ್ರಕ್ಕೆ ಕ್ಲಚ್ ಆರೋಗ್ಯವಾಗಿದೆ ಎನ್ನುವಂತಿಲ್ಲ. ಆರಂಭದ ಜಾರುವಿಕೆ ಇಲ್ಲಿ ತಿಳಿಯುವುದಿಲ್ಲ. ಕಾರಿನ ಮುಂದೆ ಯಾರೂ ನಿಲ್ಲಬಾರದು. ಇದನ್ನು ಪದೇ ಪದೇ ಮಾಡಿದರೆ ಪರೀಕ್ಷೆಯೇ ಕ್ಲಚ್ಚನ್ನು ಸುಡುತ್ತದೆ.

ಗೇರ್‌ಬಾಕ್ಸ್ ಇಳಿಸುವ ಮೊದಲು

ಜಾರುವಿಕೆ ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ಹೊರಗಿನ ಕಾರಣಗಳನ್ನು. ಕೇಬಲ್ ಕಾರಿನಲ್ಲಿ ಪೆಡಲನ್ನು ಕೈಯಿಂದ ಒತ್ತಿ ಫ್ರೀ ಪ್ಲೇ ಅಳೆಯಬೇಕು. ಸರಿಯಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ. ಅನೇಕ ಕಾರುಗಳಲ್ಲಿ 10ರಿಂದ 25 ಮಿ.ಮೀ. ಆಸುಪಾಸು. ಫ್ರೀ ಪ್ಲೇ ಇಲ್ಲವೇ ಇಲ್ಲ ಎಂದಾದರೆ ಬೇರಿಂಗು ಸದಾ ಡಯಾಫ್ರಮ್ಮನ್ನು ಒತ್ತಿಕೊಂಡೇ ಇದೆ, ಚಾಲಕ ಇಡೀ ದಿನ ಪೆಡಲ್ ಮೇಲೆ ಕಾಲಿಟ್ಟುಕೊಂಡಂತೆಯೇ ಆಯಿತು. ನಟ್ಟನ್ನು ಸಡಿಲಿಸಿ ಫ್ರೀ ಪ್ಲೇ ಕೊಟ್ಟಾಗ ಜಾರುವಿಕೆ ನಿಂತರೆ ಪ್ಲೇಟು ಇನ್ನೂ ಉಳಿದಿದೆ. ಕೇಬಲ್ಲಿನ ಒಳತಂತಿ ಎಳೆ ಬಿಟ್ಟು ಸಿಕ್ಕಿಕೊಂಡಿದೆಯೇ, ಬೇರಿಂಗನ್ನು ತಳ್ಳುವ ಫೋರ್ಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ, ನೆಲದ ಮ್ಯಾಟು ಪೆಡಲಿಗೆ ತಡೆಯಾಗಿದೆಯೇ ಎಂಬುದನ್ನೂ ನೋಡಬೇಕು.

ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಪೆಡಲ್ ಬಿಟ್ಟ ಮೇಲೆ ದ್ರವ ಗೇರ್‌ಬಾಕ್ಸಿನ ಕಡೆಯ ಸ್ಲೇವ್ ಸಿಲಿಂಡರಿನಿಂದ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರಿಗೆ ಮರಳಬೇಕು. ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಕಟ್ಟಿಕೊಂಡರೆ, ಪೆಡಲಿನ ಪುಶ್‌ರಾಡ್ ತೀರ ಉದ್ದಕ್ಕೆ ಹೊಂದಿಸಿದ್ದರೆ, ಅಥವಾ ರಬ್ಬರ್ ಕೊಳವೆ ಒಳಗೆ ಊದಿಕೊಂಡಿದ್ದರೆ ಒತ್ತಡ ಅಲ್ಲೇ ನಿಂತು ಕ್ಲಚ್ಚನ್ನು ಅರ್ಧ ಬಿಡಿಸಿಡುತ್ತದೆ. ಜಾರುತ್ತಿರುವ ಹೊತ್ತಿನಲ್ಲೇ ಕಾರು ನಿಲ್ಲಿಸಿ, ಪೆಡಲ್ ಮುಟ್ಟದೆ, ಸ್ಲೇವ್ ಸಿಲಿಂಡರಿನ ಬ್ಲೀಡ್ ಸ್ಕ್ರೂ ಸಡಿಲಿಸಿದಾಗ ದ್ರವ ಚಿಮ್ಮಿದರೆ ದೋಷ ಇಲ್ಲಿಯೇ.

ಮೂರನೆಯದು ಸೋರಿಕೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ತಳದಲ್ಲಿ ಎಣ್ಣೆಯ ಹನಿ ಕಂಡರೆ ಅದನ್ನು ಬೆರಳಿಗೆ ಹಚ್ಚಿ ನೋಡುವುದು ಅನುಭವಿ ಮೆಕ್ಯಾನಿಕ್ಕಿನ ಮೊದಲ ಕೆಲಸ. ಕಪ್ಪಾದ ಎಂಜಿನ್ ಆಯಿಲ್ ಆದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲಿನ ಮೇಲೆ ಅನುಮಾನ. ಮಂದವಾಗಿ, ಗಂಧಕದ ಕಟುವಾಸನೆ ಇದ್ದರೆ ಗೇರ್ ಆಯಿಲ್. ಇನ್‌ಪುಟ್ ಶಾಫ್ಟಿನ ಸೀಲು ಸೋರುತ್ತಿದೆ. ತೆಳುವಾಗಿದ್ದು ಬಣ್ಣ ಕಿತ್ತುಬರಿಸುವ ದ್ರವವಾದರೆ ಗೇರ್‌ಬಾಕ್ಸಿನೊಳಗೆ ಕೂರಿಸಿದ ಸ್ಲೇವ್ ಸಿಲಿಂಡರಿನಿಂದ ಬಂದ ಬ್ರೇಕ್ ಆಯಿಲ್. ಎಂಜಿನ್ನಿನ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರಿ, ಎಣ್ಣೆ ಹೊರಗಿನಿಂದಲೇ ಹರಿದು ಬಂದು ಇಲ್ಲಿ ತೊಟ್ಟಿಕ್ಕುವುದೂ ಉಂಟು. ಮೇಲಿನಿಂದ ಒರೆಸಿಕೊಂಡು ಬಂದು ನೋಡದೆ ತೀರ್ಮಾನಿಸಬಾರದು.

ಬಿಚ್ಚಿದ ಮೇಲೆ ಸಿಗುವ ಸಾಕ್ಷ್ಯ

ಇಳಿಸಿದ ಕ್ಲಚ್ ಪ್ಲೇಟು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಎರಡೂ ಮುಖಗಳು ಸಮವಾಗಿ ಸವೆದು ರಿವೆಟ್ಟಿನ ತಲೆಯ ಮಟ್ಟಕ್ಕೆ ಬಂದಿದ್ದರೆ ಅದು ವಯಸ್ಸಿನ ಸವೆತ. ರಿವೆಟ್ ತಲೆ ಲೈನಿಂಗಿನ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಎಂಬುದನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಆಯಾ ಕಾರಿನ ಸರ್ವಿಸ್ ಕೈಪಿಡಿಯ ಕನಿಷ್ಠ ಮಿತಿಗೆ ಹೋಲಿಸುತ್ತಾರೆ. ಅರ್ಧ ಮಿಲಿಮೀಟರಿನ ಆಸುಪಾಸಿನ ಈ ಸಣ್ಣ ಅಂಕಿಯ ಮೇಲೆಯೇ ಪ್ಲೇಟಿನ ಅಳಿವು ಉಳಿವು ನಿಂತಿರುತ್ತದೆ. ಲೈನಿಂಗ್ ದಪ್ಪವಾಗಿಯೇ ಇದ್ದು ಗಾಜಿನಂತೆ ಹೊಳೆದರೆ ಅತಿಶಾಖ. ನಡುವಿನಿಂದ ಅಂಚಿನ ಕಡೆಗೆ ಜಿಡ್ಡಿನ ಗೆರೆಗಳು ಸಿಡಿದಿದ್ದರೆ ಸೋರಿಕೆ. ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು ಕಂಡರೆ ಅದು ಅತಿಯಾಗಿ ಕಾದಿದ್ದ ಗುರುತು. ಅಂಥ ಕವರಿನ ಸ್ಪ್ರಿಂಗೂ ತನ್ನ ಬಲ ಕಳೆದುಕೊಂಡಿರಬಹುದು. ಡಯಾಫ್ರಮ್ಮಿನ ಬೆರಳುಗಳ ತುದಿಗಳು ಒಂದೇ ಎತ್ತರದಲ್ಲಿರಬೇಕು. ಪ್ಲೇಟು ದಪ್ಪವಾಗಿಯೇ ಇದ್ದು, ಎಣ್ಣೆಯೂ ತಾಗದೆ, ಸುಟ್ಟೂ ಇರದಿದ್ದರೆ ದೋಷ ಪೆಡಲಿನ ಕಡೆಯ ಹೊಂದಾಣಿಕೆಯಲ್ಲೋ ಸ್ಪ್ರಿಂಗಿನಲ್ಲೋ ಇದೆ ಎಂದು ಮತ್ತೆ ಹುಡುಕಬೇಕು.

ಕ್ಲಚ್ ಧೂಳನ್ನು ಗಾಳಿ ಹೊಡೆದು ಹಾರಿಸುವುದು ನಮ್ಮ ಗ್ಯಾರೇಜುಗಳ ಕೆಟ್ಟ ಅಭ್ಯಾಸ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಇಲ್ಲದಿದ್ದರೂ ಆ ನುಣುಪಾದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಮೊದಲ ಪಾಠವಾಗಿ ಇದನ್ನು ಹೇಳಿಕೊಡಬೇಕು.

ದುರಸ್ತಿ

ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದಾದ್ದರಿಂದ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ಟಾಗಿ ಬದಲಿಸುವುದು ವಾಡಿಕೆ ಮತ್ತು ವಿವೇಕ. ಫ್ಲೈವೀಲಿನ ಮೇಲೆ ಗೀರು, ಬಿರುಕು, ನೀಲಿ ಕಲೆಗಳಿದ್ದರೆ ತಯಾರಕರ ಮಿತಿಯೊಳಗೆ ಮೇಲ್ಮೈ ಹದಮಾಡಿಸಬೇಕು ಅಥವಾ ಬದಲಿಸಬೇಕು. ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲನ್ನು ಮಾಮೂಲಿ ಫ್ಲೈವೀಲಿನಂತೆ ಲೇತಿಗೆ ಕೊಡುವಂತಿಲ್ಲ; ಅದರ ಆಟವನ್ನು ಕೈಪಿಡಿಯ ಪ್ರಕಾರ ಅಳೆದು ನಿರ್ಧರಿಸಬೇಕು. ಸೋರಿಕೆ ಇದ್ದರೆ ಸೀಲು ಬದಲಿಸದೆ ಹೊಸ ಪ್ಲೇಟು ಹಾಕಬಾರದು. ಜೋಡಿಸುವಾಗ ಪ್ಲೇಟನ್ನು ಅಲೈನ್‌ಮೆಂಟ್ ಟೂಲಿನಿಂದ ಮಧ್ಯಕ್ಕೆ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾರೆ. ಲೈನಿಂಗನ್ನು ಗ್ರೀಸ್ ಕೈಯಿಂದ ಮುಟ್ಟಬಾರದು. ಹೊಸ ಲೈನಿಂಗ್ ಹದಕ್ಕೆ ಬರುವವರೆಗೆ, ಮೊದಲ ಕೆಲವು ನೂರು ಕಿ.ಮೀ., ಭಾರಿ ಹೊರೆ ಮತ್ತು ಜೋರಾದ ಎಳೆತವನ್ನು ತಪ್ಪಿಸಬೇಕು.

ಮಾರುತಿ ಸೆಲೆರಿಯೊ 2014ರಲ್ಲಿ ಭಾರತದಲ್ಲಿ ಜನಪ್ರಿಯಗೊಳಿಸಿದ ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್) ಕಾರುಗಳಲ್ಲೂ ಒಳಗಿರುವುದು ಇದೇ ಒಣ ಕ್ಲಚ್ಚೇ. ಪೆಡಲಿನ ಬದಲು ಯಂತ್ರವೇ ಅದನ್ನು ನಡೆಸುತ್ತದೆ. ಪೆಡಲಿನ ಲಕ್ಷಣಗಳು ಅಲ್ಲಿ ಸಿಗುವುದಿಲ್ಲವಾದ್ದರಿಂದ ಆರ್‌ಪಿಎಂ ಮತ್ತು ವೇಗದ ಹೋಲಿಕೆ, ಸ್ಕ್ಯಾನರಿನ ದಾಖಲೆಗಳೇ ಆಧಾರ.

ಆಯುಷ್ಯ ಮತ್ತು ಜಾಗ್ರತೆ

ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದರ ಕ್ಲಚ್ 1 ಲಕ್ಷ ಕಿ.ಮೀ. ದಾಟಿ ಬಾಳಬಹುದು, ಇನ್ನೊಂದರದು ಅದರ ಅರ್ಧಕ್ಕೂ ಮುನ್ನ ಮುಗಿಯಬಹುದು. ವ್ಯತ್ಯಾಸ ಹೆಚ್ಚಾಗಿ ಚಾಲಕರ ಎಡಗಾಲಿನದು. ಓಡುವಾಗ ಪೆಡಲಿನ ಮೇಲೆ ಪಾದ ಊರಿಕೊಂಡಿರುವುದು, ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳುವುದು, ಆಗುಂಬೆಯಂಥ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಕ್ಲಚ್ಚಿನ ಮೇಲೆಯೇ ಕಾರನ್ನು ತಡೆಹಿಡಿಯುವುದು, ಎರಡನೆಯ ಗೇರಿನಲ್ಲಿ ಹೊರಡುವುದು, ಮಿತಿಮೀರಿದ ಹೊರೆ ಇವೆಲ್ಲ ಲೈನಿಂಗನ್ನು ತಿನ್ನುತ್ತವೆ. ಸಾಫ್ಟ್‌ವೇರ್ ಬದಲಿಸಿ ಎಂಜಿನ್ನಿನ ಟಾರ್ಕ್ ಹೆಚ್ಚಿಸಿಕೊಂಡವರು ಕ್ಲಚ್ಚಿನ ಮೀಸಲು ಶಕ್ತಿಯನ್ನು ಅಷ್ಟರಮಟ್ಟಿಗೆ ಕಳೆದುಕೊಂಡಿರುತ್ತಾರೆ.

ಜಾರುವಿಕೆ ತಾನಾಗಿ ವಾಸಿಯಾಗುವ ದೋಷವಲ್ಲ. ಆರಂಭದಲ್ಲೇ ಕಂಡುಕೊಂಡರೆ ಒಂದು ನಟ್ಟಿನ ಹೊಂದಾಣಿಕೆಯಲ್ಲಿ ಮುಗಿಯಬಹುದಾದದ್ದು, ತಡಮಾಡಿದರೆ ಪ್ಲೇಟಿನ ಜೊತೆಗೆ ಫ್ಲೈವೀಲನ್ನೂ ಬಲಿ ತೆಗೆದುಕೊಳ್ಳುತ್ತದೆ. ಓವರ್‌ಟೇಕಿನ ನಡುವೆ ಕ್ಲಚ್ ಕೈಕೊಟ್ಟರೆ ಎದುರಿನ ಲಾರಿಯಿಂದ ತಪ್ಪಿಸಿಕೊಳ್ಳುವ ಬಲ ಕಾರಿಗಿರುವುದಿಲ್ಲ. ಘಾಟಿ ಪ್ರಯಾಣಕ್ಕೆ ಹೊರಡುವವರು ಹೊರಡುವ ಮುನ್ನ ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನ ಪರೀಕ್ಷೆಯನ್ನು ಒಮ್ಮೆ ಮಾಡಿಕೊಳ್ಳಬೇಕು. ಸಂಶಯವಿದ್ದರೆ ಕ್ಲಚ್ ಸರಿಪಡಿಸಿದ ಮೇಲೆಯೇ ಘಾಟಿ ಹತ್ತಬೇಕು.